ರಕ್ತನಾಳ ಹೊಲಿದ ವೈದ್ಯ ಅಲೆಕ್ಸಿಸ್ ಕಾರೆಲ್

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯನ್ನು ಹತ್ತಿರದಿಂದ ನೋಡಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅನೇಕರಿದ್ದಾರೆ. ಮಣಿಕಟ್ಟಿನ ಮೇಲೋ ಮೊಣಕೈಯ ಬಳಿಯೋ ಚರ್ಮದಡಿಯಲ್ಲಿ ಹಗ್ಗದಂತೆ ಉಬ್ಬಿದ ಒಂದು ನರ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರೆ ಜುಂ ಎಂದು ಕಂಪಿಸುವುದು ತಿಳಿಯುತ್ತದೆ. ವೈದ್ಯರು ಅದನ್ನು ಫಿಸ್ಟುಲಾ ಎನ್ನುತ್ತಾರೆ. ಹೃದಯದಿಂದ ರಭಸವಾಗಿ ರಕ್ತ ತರುವ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಜೋಡಿಸಿದಾಗ, ಕೆಲವು ವಾರಗಳಲ್ಲಿ ಅಭಿಧಮನಿ ದಪ್ಪವಾಗಿ ಗಟ್ಟಿಯಾಗುತ್ತದೆ. ವಾರಕ್ಕೆ ಎರಡು ಮೂರು ಬಾರಿ ಸೂಜಿ ಚುಚ್ಚಿದರೂ ತಾಳಿಕೊಳ್ಳುತ್ತದೆ. ಪುತ್ತೂರು, ಸುಳ್ಯದ ಆಸ್ಪತ್ರೆಗಳಿಗೆ ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಮರಳುವ ಎಷ್ಟೋ ತಂದೆತಾಯಂದಿರ ಬದುಕು ಆ ಸಣ್ಣ ಹೊಲಿಗೆಯ ಮೇಲೆ ನಿಂತಿದೆ.

ಫಿಸ್ಟುಲಾ ವಿಧಾನ ನ್ಯೂಯಾರ್ಕಿನ ವೈದ್ಯರಿಂದ ಪ್ರಕಟವಾದದ್ದು 1966ರಲ್ಲಿ. ಆದರೆ ರಕ್ತನಾಳವನ್ನು ರಕ್ತನಾಳಕ್ಕೆ ಸೋರದಂತೆ, ರಕ್ತ ಹೆಪ್ಪುಗಟ್ಟದಂತೆ ಹೊಲಿಯುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರು ಅದಕ್ಕೂ ಅರುವತ್ತು ವರ್ಷಗಳಷ್ಟು ಹಿಂದಿನ ಒಬ್ಬ ಫ್ರೆಂಚ್ ವೈದ್ಯರು. ಅವರ ಹೆಸರು ಡಾ. ಅಲೆಕ್ಸಿಸ್ ಕಾರೆಲ್. ಕಥೋಲಿಕ ಮನೆಯಲ್ಲಿ ಹುಟ್ಟಿ, ವಿಶ್ವಾಸವನ್ನು ಕಳೆದುಕೊಂಡು, ಲೂರ್ದಿನಲ್ಲಿ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯಲಾಗದೆ, ದೀರ್ಘಕಾಲ ಅಲೆದು, ಕೊನೆಗೆ ಮನೆಗೆ ಮರಳಿದವರು ಅವರು. ಅವರ ಬದುಕಿನಲ್ಲಿ ನಾವು ಮೆಚ್ಚಬೇಕಾದದ್ದು ಬಹಳವಿದೆ. ಒಪ್ಪಬಾರದ್ದೂ ಇದೆ. ಎರಡನ್ನೂ ತಿಳಿಯುವುದು ಒಳ್ಳೆಯದು.

ರೇಷ್ಮೆಯ ಊರಿನ ಹುಡುಗ

ಫ್ರಾನ್ಸಿನ ಲಿಯೋನ್ ನಗರ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಅದರ ಪಕ್ಕದ ಸಾಂತ್ ಫೊವಾ ಎಂಬಲ್ಲಿ 1873ರ ಜೂನ್ 28ರಂದು ಕಾರೆಲ್ ಜನಿಸಿದರು. ತಂದೆ ಬಟ್ಟೆ ಉದ್ಯಮಿ. ಮಗುವಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮುಂದೆ ಬಾಲಕ ತಂದೆಯ ಹೆಸರಾದ ಅಲೆಕ್ಸಿಸ್ ಎಂಬುದನ್ನೇ ತನ್ನದಾಗಿಸಿಕೊಂಡ. ವಿಧವೆ ತಾಯಿ ಭಕ್ತಿವಂತೆ. ಯೇಸುಸಭೆಯ ಗುರುಗಳ ಶಾಲೆಯಲ್ಲಿ ಮಗನ ವಿದ್ಯಾಭ್ಯಾಸ ನಡೆಯಿತು. ಆದರೆ ಲಿಯೋನಿನ ವೈದ್ಯಕೀಯ ವಿದ್ಯಾಲಯಕ್ಕೆ ಸೇರಿದ ಮೇಲೆ ಯುವಕನ ಮನಸ್ಸು ಬದಲಾಯಿತು. ಅಳೆದು ತೂಗಿ ನೋಡಲಾಗದ ಯಾವುದನ್ನೂ ನಂಬಬಾರದು ಎಂಬುದು ಆ ಕಾಲದ ಫ್ರೆಂಚ್ ವಿಜ್ಞಾನಿಗಳ ಧೋರಣೆಯಾಗಿತ್ತು. ಕಾರೆಲ್ ದೇವಾಲಯದ ಮೆಟ್ಟಿಲಿಂದ ದೂರವಾದರು.

1894ರ ಜೂನ್ 24ರಂದು ಲಿಯೋನಿನಲ್ಲಿ ಒಂದು ಘೋರ ಘಟನೆ ನಡೆಯಿತು. ಊರಿಗೆ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರನ್ನು ಒಬ್ಬ ಅರಾಜಕತಾವಾದಿ ಚೂರಿಯಿಂದ ಇರಿದ. ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ನಾಳ ತುಂಡಾಗಿತ್ತು. ನಗರದ ಹೆಸರಾಂತ ಶಸ್ತ್ರವೈದ್ಯರು ಸುತ್ತ ನಿಂತಿದ್ದರೂ ಏನೂ ಮಾಡಲಾಗಲಿಲ್ಲ. ಮಧ್ಯರಾತ್ರಿ ಕಳೆಯುತ್ತಲೇ ಅಧ್ಯಕ್ಷರು ಪ್ರಾಣಬಿಟ್ಟರು. ಆಗ ವೈದ್ಯ ವಿದ್ಯಾರ್ಥಿಯಾಗಿದ್ದ ಕಾರೆಲ್ ಅವರಿಗೆ ಇದು ಸಹಿಸಲಾಗದ ಸೋಲೆನಿಸಿತು. ಅಂಗಿ ಹರಿದರೆ ಹೊಲಿಯಬಹುದು, ಕರುಳು ಹರಿದರೂ ಹೊಲಿಯಬಹುದು, ರಕ್ತನಾಳವನ್ನು ಏಕೆ ಹೊಲಿಯಬಾರದು ಎಂಬ ಪ್ರಶ್ನೆ ಅವರ ತಲೆ ಹೊಕ್ಕಿತು.

ಇತರರು ಪ್ರಯತ್ನಿಸಿರಲಿಲ್ಲವೆಂದಲ್ಲ. ಆದರೆ ದಪ್ಪ ಸೂಜಿ ನಾಳದ ಗೋಡೆಯನ್ನು ಹರಿಯುತ್ತಿತ್ತು. ಒರಟು ದಾರ ರಕ್ತಕ್ಕೆ ತಾಗಿದೊಡನೆ ಅಲ್ಲಿ ಹೆಪ್ಪುಗಟ್ಟುತ್ತಿತ್ತು. ಎರಡು ತುದಿಗಳನ್ನು ಒಟ್ಟಿಗೆ ಹಿಡಿದರೆ ನಾಳ ಮುದುಡಿ ಮುಚ್ಚಿಕೊಳ್ಳುತ್ತಿತ್ತು.

ಕಸೂತಿಯಿಂದ ಕಲಿತ ಪಾಠ

ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ. ಲಿಯೋನಿನ ಕಸೂತಿ ಕೆಲಸದವರಲ್ಲಿ ಲೆರೂದಿಯೆ ಎಂಬ ಮಹಿಳೆ ಬಹಳ ನಿಪುಣೆ. ಕಾರೆಲ್ ಆಕೆಯ ಬಳಿ ಹೋಗಿ ವಿದ್ಯಾರ್ಥಿಯಾಗಿ ಕುಳಿತರು. ಅತಿ ಸಣ್ಣ ಸೂಜಿ, ಕೂದಲಿಗಿಂತ ದಪ್ಪವಲ್ಲದ ರೇಷ್ಮೆ ನೂಲು, ಬಟ್ಟೆಗೆ ನೋವಾಗದಂತೆ ಎಳೆಯುವ ಕೈ, ಇವನ್ನೆಲ್ಲ ಅಲ್ಲಿ ಕಲಿತರು. ನಮ್ಮ ಕಾನ್ವೆಂಟುಗಳಲ್ಲಿ ಸಿಸ್ಟರುಗಳಿಂದ ಕಸೂತಿ ಕಲಿತ ತಾಯಂದಿರಿಗೆ ಇದರ ಬೆಲೆ ಗೊತ್ತಿದೆ. ನೂಲು ತುಸು ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲವಾದರೆ ಹೊಲಿಗೆ ಬಿಡುತ್ತದೆ. ರಕ್ತನಾಳದ ವಿಷಯವೂ ಹಾಗೆಯೇ.

ಕಾರೆಲ್ ತಮ್ಮದೇ ಆದ ಒಂದು ಉಪಾಯವನ್ನು ಸೇರಿಸಿದರು. ದುಂಡಗಿನ ನಾಳದ ತುದಿಯಲ್ಲಿ ಸಮಾನ ಅಂತರದಲ್ಲಿ ಮೂರು ಹೊಲಿಗೆ ಹಾಕಿ, ಆ ಮೂರು ನೂಲುಗಳನ್ನು ಮೂರು ಕಡೆಗೆ ಎಳೆದು ಹಿಡಿದರೆ ದುಂಡಗಿನ ಬಾಯಿ ತ್ರಿಕೋನವಾಗುತ್ತದೆ. ಆಗ ಪ್ರತಿ ಬದಿಯೂ ನೇರ ಗೆರೆ. ನೇರ ಗೆರೆಯ ಮೇಲೆ ಹೊಲಿಯುವುದು ಸುಲಭ, ಎದುರು ಗೋಡೆಗೆ ಸೂಜಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ನೂಲಿಗೆ ವ್ಯಾಸಲೀನ್ ಸವರಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಂಡರು. ಈ ವಿಧಾನ 1902ರಲ್ಲಿ ಲಿಯೋನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಸ್ತ್ರವೈದ್ಯರು ಇಂದಿಗೂ ಅದನ್ನು ಕಲಿಯುತ್ತಾರೆ.

ಲೂರ್ದಿನ ರೈಲು

ಅದೇ 1902ರ ಮೇ ತಿಂಗಳಲ್ಲಿ ಲಿಯೋನಿನಿಂದ ರೋಗಿಗಳನ್ನು ಹೊತ್ತ ರೈಲೊಂದು ಲೂರ್ದಿಗೆ ಹೊರಟಿತು. ಜತೆಗೆ ಹೋಗಬೇಕಿದ್ದ ವೈದ್ಯರೊಬ್ಬರಿಗೆ ಅಡಚಣೆಯಾದುದರಿಂದ ಅವರ ಬದಲಿಗೆ ಕಾರೆಲ್ ಹೊರಟರು. ಭಕ್ತಿಯಿಂದಲ್ಲ, ಕುತೂಹಲದಿಂದ. ಅಲ್ಲಿ ಆಗುತ್ತದೆಂದು ಜನರು ಹೇಳುವುದು ಮನಸ್ಸಿನ ಭ್ರಮೆಯೇ, ನಿಜವೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು.

ಆ ರೈಲಿನಲ್ಲಿ ಮೇರಿ ಬೈಲಿ ಎಂಬ ಯುವತಿ ಇದ್ದಳು. ಕ್ಷಯರೋಗ ಆಕೆಯ ಮನೆಯನ್ನೇ ಕಾಡಿತ್ತು. ಈಗ ಆಕೆಯ ಹೊಟ್ಟೆಯ ಒಳಪೊರೆಗೆ ಕ್ಷಯ ತಗಲಿ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಶಸ್ತ್ರವೈದ್ಯರು ಕೈಬಿಟ್ಟಿದ್ದರು. ದಾರಿಯಲ್ಲಿಯೇ ಸತ್ತಾಳೆಂಬ ಭಯದಿಂದ ಕಾರೆಲ್ ನೋವು ಶಮನದ ಚುಚ್ಚುಮದ್ದು ಕೊಡಬೇಕಾಯಿತು. ಇಂಥ ರೋಗಿ ಗುಣವಾದರೆ ತಾನು ಎಲ್ಲವನ್ನೂ ನಂಬುವೆನೆಂದು ಅವರು ಗೆಳೆಯನೊಬ್ಬನೊಡನೆ ಹೇಳಿದರು. ಅದು ನಂಬಿಕೆಯ ಮಾತಾಗಿರಲಿಲ್ಲ. ಹಾಗಾಗುವುದು ಅಸಾಧ್ಯವೆಂಬ ಭರವಸೆಯ ಮಾತಾಗಿತ್ತು.

ಮೇ 28ರಂದು ಆಕೆಯನ್ನು ಹಾಸಿಗೆಯಲ್ಲಿಯೇ ಹೊತ್ತು ಸ್ನಾನದ ಕೊಳಗಳ ಬಳಿ ತಂದರು. ನೀರಿನಲ್ಲಿ ಇಳಿಸುವ ಸ್ಥಿತಿ ಇರಲಿಲ್ಲ. ಹೊಟ್ಟೆಯ ಮೇಲೆ ಮೂರು ಬಾರಿ ನೀರು ಸುರಿದರು. ಬಳಿಕ ಗವಿಯ ಮುಂದೆ ಮಲಗಿಸಿದರು. ಕಾರೆಲ್ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು ನಾಡಿ ಬಡಿತ, ಉಸಿರಾಟ, ಮುಖದ ಬಣ್ಣ ಎಲ್ಲವನ್ನೂ ಗಮನಿಸುತ್ತಿದ್ದರು. ಸುಮಾರು ಅರ್ಧ ತಾಸಿನಲ್ಲಿ ಹೊದಿಕೆಯಡಿಯ ಉಬ್ಬು ಕಾಣಕಾಣುತ್ತ ತಗ್ಗಿತು. ಮುಖಕ್ಕೆ ಕಳೆ ಬಂತು. ಸಂಜೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹೊಟ್ಟೆ ಮೆತ್ತಗಾಗಿ ಸಹಜವಾಗಿತ್ತು. ಹುಡುಗಿ ಎದ್ದು ಕುಳಿತಿದ್ದಳು.

ಕಾರೆಲ್ ತಾವು ಕಂಡದ್ದನ್ನು ಲೂರ್ದಿನ ವೈದ್ಯಕೀಯ ಕಚೇರಿಯಲ್ಲಿ ದಾಖಲಿಸಿದರು. ಮುಂದೆ ತಿಂಗಳುಗಟ್ಟಲೆ ಆಕೆಯ ಆರೋಗ್ಯವನ್ನು ಪರೀಕ್ಷಿಸಬೇಕೆಂದು ಒತ್ತಾಯಿಸಿದರು. ರೋಗ ಮರುಕಳಿಸಲಿಲ್ಲ. ಮೇರಿ ಬೈಲಿ ಸಂತ ವಿನ್ಸೆಂಟ್ ದೆ ಪೌಲರ ಕರುಣೆಯ ಭಗಿನಿಯರ ಸಭೆಯನ್ನು ಸೇರಿ, ರೋಗಿಗಳ ಮತ್ತು ಬಡವರ ಸೇವೆಯಲ್ಲಿ ಬದುಕಿ, 1937ರಲ್ಲಿ ನಿಧನರಾದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಧರ್ಮಸಭೆ ಈ ಗುಣಪಡುವಿಕೆಯನ್ನು ಪವಾಡವೆಂದು ಘೋಷಿಸಿಲ್ಲ. ಲೂರ್ದಿನ ಅಂತಾರಾಷ್ಟ್ರೀಯ ವೈದ್ಯಕೀಯ ಸಮಿತಿ 1964ರಲ್ಲಿ ಈ ಪ್ರಕರಣವನ್ನು ಮತ್ತೆ ಪರಿಶೀಲಿಸಿತು. ಹೊಟ್ಟೆ ಉಬ್ಬಲು ಮಾನಸಿಕ ಕಾರಣವಿರಬಹುದೆಂಬ ಸಾಧ್ಯತೆಯನ್ನು ಆಗಿನ ವೈದ್ಯರು ಪೂರ್ಣವಾಗಿ ತಳ್ಳಿಹಾಕಿರಲಿಲ್ಲವೆಂದು ಅದು ಮುಂದುವರಿಯಲಿಲ್ಲ. ಪವಾಡವೆಂದು ಹೇಳುವ ಮೊದಲು ಧರ್ಮಸಭೆ ಎಷ್ಟು ಎಚ್ಚರ ವಹಿಸುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ವಾಟ್ಸಾಪಿನಲ್ಲಿ ಬಂದ ಪ್ರತಿ ಪವಾಡದ ಸುದ್ದಿಯನ್ನೂ ಮರುಕ್ಷಣವೇ ಹತ್ತು ಜನರಿಗೆ ಕಳುಹಿಸುವ ನಾವು ಇದನ್ನು ನೆನಪಿಡಬೇಕು.

ಎರಡೂ ಕಡೆಯಿಂದ ಪೆಟ್ಟು

ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಾರೆಲ್ ಅವರನ್ನು ಎರಡೂ ಕಡೆಯವರು ದೂರಿದರು. ಭಕ್ತರಿಗೆ ಅವರು ತೀರಾ ಸಂಶಯಿ. ವೈದ್ಯಕೀಯ ಪ್ರಾಧ್ಯಾಪಕರಿಗೆ ತೀರಾ ಸುಲಭವಾಗಿ ನಂಬುವವರು. ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಲಿಯೋನಿನಲ್ಲಿ ಶಸ್ತ್ರವೈದ್ಯರ ಕಾಯಂ ಹುದ್ದೆ ಅವರ ಪಾಲಿಗೆ ಮುಚ್ಚಿದ ಬಾಗಿಲಾಯಿತು. 1904ರಲ್ಲಿ ದೇಶ ಬಿಟ್ಟು ಕೆನಡಾಕ್ಕೆ ಹೋದರು. ವೈದ್ಯವೃತ್ತಿಯನ್ನೇ ಬಿಟ್ಟು ಅಲ್ಲಿ ದನ ಸಾಕುವ ಯೋಚನೆಯೂ ಅವರಿಗಿತ್ತಂತೆ.

ದೇವರ ಯೋಜನೆ ಬೇರೆ ಇತ್ತು. ಶಿಕಾಗೋದ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಗುತ್ರಿ ಎಂಬವರ ಜತೆ ಕೆಲಸ ಮಾಡಿದರು. 1906ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಅವರನ್ನು ಕರೆಯಿತು. ಪ್ರಾಣಿಗಳ ಮೂತ್ರಪಿಂಡ, ಕಾಲು, ಗ್ರಂಥಿಗಳನ್ನು ಬೇರ್ಪಡಿಸಿ ಮತ್ತೆ ಜೋಡಿಸುವ ಪ್ರಯೋಗಗಳನ್ನು ಅವರು ಅಲ್ಲಿ ನಡೆಸಿದರು.

1908ರ ಒಂದು ರಾತ್ರಿ ನ್ಯೂಯಾರ್ಕಿನ ವೈದ್ಯರೊಬ್ಬರು ಅವರ ಮನೆಬಾಗಿಲಿಗೆ ಬಂದರು. ಹುಟ್ಟಿ ಐದೇ ದಿನವಾಗಿದ್ದ ಅವರ ಮಗು ಒಳಗಿನ ರಕ್ತಸ್ರಾವದಿಂದ ಸಾಯುವಂತಿತ್ತು. ರಕ್ತವನ್ನು ಬಾಟಲಿಯಲ್ಲಿ ಕೆಡದಂತೆ ಇಡುವ ಉಪಾಯ ಆಗ ಇರಲಿಲ್ಲ. ಕಾರೆಲ್ ತಂದೆಯ ಕೈಯ ಅಪಧಮನಿಯನ್ನು ಮಗುವಿನ ಕಾಲಿನ ಅಭಿಧಮನಿಗೆ ಹೊಲಿದು ಜೋಡಿಸಿದರು. ಆ ಎಳೆಯ ನಾಳದ ಗೋಡೆ ಒದ್ದೆ ಕಾಗದದಂತೆ ತೆಳು. ಹೊಲಿಗೆ ಮುಗಿದು ತಂದೆಯ ರಕ್ತ ಹರಿದೊಡನೆ ಬಿಳಿಚಿಕೊಂಡಿದ್ದ ಮಗುವಿನ ಮೈಗೆ ಬಣ್ಣ ಬಂತು. ಮಗು ಬದುಕಿತು.

1912ರಲ್ಲಿ ರಕ್ತನಾಳಗಳ ಹೊಲಿಗೆ ಮತ್ತು ಅಂಗಗಳ ಕಸಿಯ ಕೆಲಸಕ್ಕಾಗಿ ಅವರಿಗೆ ವೈದ್ಯಕೀಯದ ನೊಬೆಲ್ ಬಹುಮಾನ ಬಂತು. ಆಗ ಅವರಿಗೆ 39 ವರ್ಷ. ಅಮೆರಿಕದಲ್ಲಿ ನಡೆದ ಕೆಲಸಕ್ಕೆ ವೈದ್ಯಕೀಯ ನೊಬೆಲ್ ಬಂದದ್ದು ಅದೇ ಮೊದಲು. ಮರುವರ್ಷ ಅವರು ಒಬ್ಬ ವಿಧವೆಯನ್ನು ಮದುವೆಯಾದರು. ಆಕೆ ನರ್ಸ್, ಆಳವಾದ ವಿಶ್ವಾಸದ ಕಥೋಲಿಕ ಮಹಿಳೆ. ಮೊದಲ ಮಹಾಯುದ್ಧದಲ್ಲಿ ಗಂಡ ಹೆಂಡತಿ ಇಬ್ಬರೂ ಗಾಯಾಳು ಸೈನಿಕರ ಆಸ್ಪತ್ರೆಯಲ್ಲಿ ದುಡಿದರು. ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಡಾಕಿನ್ ಅವರೊಡನೆ ಸೇರಿ ಕಾರೆಲ್ ರೂಪಿಸಿದ ಗಾಯ ತೊಳೆಯುವ ಕ್ರಮ ಎಷ್ಟೋ ಮಂದಿಯ ಕೈಕಾಲುಗಳನ್ನು ಉಳಿಸಿತು.

ಕಸಿಯ ಕಷ್ಟ

ಕಸಿ ಎಂಬ ಶಬ್ದ ನಮ್ಮ ರಬ್ಬರ್ ಕೃಷಿಕರಿಗೆ ಹೊಸದಲ್ಲ. ಕಡಬ, ಸುಳ್ಯದ ಕಡೆ ನರ್ಸರಿಗಳಲ್ಲಿ ಒಳ್ಳೆಯ ತಳಿಯ ಮೊಗ್ಗನ್ನು ಕಾಡು ಸಸಿಗೆ ಕಟ್ಟಿದರೆ ಕೆಲವು ವಾರಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಆದರೆ ಪ್ರಾಣಿಯ ಶರೀರ ಅಷ್ಟು ಉದಾರಿಯಲ್ಲ. ಒಂದು ಪ್ರಾಣಿಯ ಮೂತ್ರಪಿಂಡವನ್ನು ತೆಗೆದು ಅದೇ ಪ್ರಾಣಿಗೆ ಬೇರೆ ಕಡೆ ಹೊಲಿದರೆ ಕೆಲಸ ಮಾಡುತ್ತಿತ್ತು. ಇನ್ನೊಂದು ಪ್ರಾಣಿಗೆ ಹೊಲಿದರೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಹೊಲಿಗೆಯಲ್ಲಿ ದೋಷವಿಲ್ಲ, ಶರೀರವೇ ಪರಕೀಯವನ್ನು ಗುರುತಿಸಿ ತಳ್ಳುತ್ತಿದೆ ಎಂಬುದನ್ನು ಕಾರೆಲ್ ಅರಿತರು. ಆ ಗೋಡೆಯನ್ನು ದಾಟಲು ಜಗತ್ತು ದಶಕಗಳ ಕಾಲ ಕಾಯಬೇಕಾಯಿತು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮುರ್ರೆ ಎಂಬ ಕಥೋಲಿಕ ವೈದ್ಯರು ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಮಾಡಿ ಯಶಸ್ವಿಯಾದರು. 1990ರಲ್ಲಿ ಅವರಿಗೂ ನೊಬೆಲ್ ಬಂತು. ಕೈ ಮುರ್ರೆಯವರದು, ಹೊಲಿಗೆಯ ವಿದ್ಯೆ ಕಾರೆಲರದು.

ಶರೀರದ ಹೊರಗೆ ಅಂಗವನ್ನು ಜೀವಂತವಾಗಿಡಬಹುದೇ ಎಂಬುದು ಕಾರೆಲರ ಮುಂದಿನ ಹುಡುಕಾಟ. ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ವಿಮಾನದಲ್ಲಿ ದಾಟಿ ಪ್ರಸಿದ್ಧರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ 1930ರಲ್ಲಿ ಅವರನ್ನು ಕಾಣಲು ಬಂದರು. ಲಿಂಡ್‌ಬರ್ಗರ ಹೆಂಡತಿಯ ಅಕ್ಕನಿಗೆ ಹೃದಯದ ಕವಾಟ ಕೆಟ್ಟಿತ್ತು. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ರಿಪೇರಿ ಮಾಡಲು ಏಕೆ ಆಗದು ಎಂಬುದು ಅವರ ಪ್ರಶ್ನೆ. ಇಬ್ಬರೂ ಸೇರಿ 1935ರಲ್ಲಿ ಗಾಜಿನ ಪಂಪೊಂದನ್ನು ರೂಪಿಸಿದರು. ಅದು ಪೋಷಕ ದ್ರವವನ್ನು ರೋಗಾಣು ತಗಲದಂತೆ, ಹೃದಯದ ಬಡಿತದ ಹಾಗೆ ತಳ್ಳಿ ತಳ್ಳಿ ಅಂಗದ ರಕ್ತನಾಳಗಳ ಮೂಲಕ ಹರಿಸುತ್ತಿತ್ತು. ಬೆಕ್ಕಿನ ಥೈರಾಯ್ಡ್ ಗ್ರಂಥಿಯೊಂದು ಅದರಲ್ಲಿ 18 ದಿನ ಉಳಿಯಿತು.

ಅವರ ಎಲ್ಲ ಹೇಳಿಕೆಗಳೂ ನಿಲ್ಲಲಿಲ್ಲ. 1912ರಲ್ಲಿ ಅವರು ಕೋಳಿಮರಿಯ ಭ್ರೂಣದ ಹೃದಯದ ತುಣುಕನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸತೊಡಗಿದರು. ಆ ಜೀವಕೋಶಗಳು ಕಾರೆಲರಿಗಿಂತಲೂ ಹೆಚ್ಚು ಬಾಳಿ 1946ರ ತನಕ ಉಳಿದವೆಂದೂ ಜೀವಕೋಶಕ್ಕೆ ಸಾವಿಲ್ಲವೆಂದೂ ಜನ ನಂಬಿದ್ದರು. 1961ರಲ್ಲಿ ಲೆನಾರ್ಡ್ ಹೇಫ್ಲಿಕ್ ಎಂಬ ವಿಜ್ಞಾನಿ, ಸಾಮಾನ್ಯ ಜೀವಕೋಶ ಒಂದು ಮಿತಿಯವರೆಗೆ ಮಾತ್ರ ಒಡೆದು ಬೆಳೆಯುತ್ತದೆ ಎಂದು ತೋರಿಸಿದರು. ಪೋಷಣೆಗೆ ಹಾಕುತ್ತಿದ್ದ ಭ್ರೂಣರಸದ ಜತೆ ಹೊಸ ಜೀವಕೋಶಗಳು ಸೇರುತ್ತಿದ್ದಿರಬೇಕು ಎಂದು ಈಗ ತಿಳಿಯಲಾಗಿದೆ.

ತೋಟಕ್ಕೆ ನೀರು, ಅಂಗಕ್ಕೆ ರಕ್ತ

ಕಾರೆಲರ ಕೆಲಸದ ಮುಂದಿನ ಅಧ್ಯಾಯ ನಮ್ಮ ಕಾಲದಲ್ಲಿ ನಡೆಯುತ್ತಿದೆ. ರೋಗಿಯ ಸ್ವಂತ ಜೀವಕೋಶಗಳಿಂದಲೇ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಶರೀರಕ್ಕೆ ಜೋಡಿಸುವ ಪ್ರಯತ್ನವದು. ನಾವು ಬಸಳೆ ಬಳ್ಳಿಗೆ ಚಪ್ಪರ ಹಾಕಿ ಹಬ್ಬಿಸುವಂತೆ, ವಿಜ್ಞಾನಿಗಳು ಶರೀರಕ್ಕೆ ಒಗ್ಗುವ ವಸ್ತುವಿನ ಚಪ್ಪರ ಮಾಡಿ ಅದರ ಮೇಲೆ ಜೀವಕೋಶಗಳನ್ನು ಬೆಳೆಸುತ್ತಾರೆ. ಜೋಸೆಫ್ ವಕಾಂಟಿ ಮತ್ತು ರಾಬರ್ಟ್ ಲ್ಯಾಂಗರ್ ಎಂಬ ಅಮೆರಿಕನ್ ವಿಜ್ಞಾನಿಗಳು 1993ರಲ್ಲಿ ಬರೆದ ಲೇಖನದಿಂದ ಈ ಕ್ಷೇತ್ರಕ್ಕೆ ದೊಡ್ಡ ಹೆಸರು ಬಂತು. ತೆಳುವಾದ ಚರ್ಮವನ್ನು ಹೀಗೆ ಬೆಳೆಸಲು ಸಾಧ್ಯವಾಗಿದೆ. ಮೂತ್ರಕೋಶದ ಗೋಡೆಯನ್ನು ಬೆಳೆಸಿ ಮಕ್ಕಳಿಗೆ ಜೋಡಿಸಿದ ವರದಿ 2006ರಲ್ಲಿ ಬಂದಿದೆ.

ಆದರೆ ದಪ್ಪನೆಯ ಯಕೃತ್ತು, ಮೂತ್ರಪಿಂಡ, ಹೃದಯದ ವಿಷಯ ಬಂದಾಗ ಎಲ್ಲರೂ ಒಂದೇ ಕಡೆ ತಡೆದು ನಿಲ್ಲುತ್ತಾರೆ. ಕಾರಣವನ್ನು ಅಡಿಕೆ ತೋಟವಿರುವವರು ಸುಲಭವಾಗಿ ತಿಳಿಯಬಲ್ಲರು. ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸಿದರೆ ಸಾಲದು. ಆ ನೀರು ಪ್ರತಿ ಮರದ ಬುಡಕ್ಕೆ ತಲುಪಬೇಕು. ಮಳೆಗಾಲದಲ್ಲಿ ಹೆಚ್ಚಾದ ನೀರು ಕಣಿಯಲ್ಲಿ ಹೊರಗೆ ಹರಿದು ಹೋಗಬೇಕು. ಇಲ್ಲವಾದರೆ ತೋಟದ ಅಂಚು ಹಸುರಾಗಿದ್ದರೂ ನಡುವೆ ಮರಗಳು ಸಾಯುತ್ತವೆ. ಶರೀರದಲ್ಲಿಯೂ ಹಾಗೆಯೇ. ಹೆಚ್ಚಿನ ಜೀವಕೋಶಗಳು ಅತಿ ಸಣ್ಣ ರಕ್ತನಾಳದಿಂದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಥವಾ ಹತ್ತನೆಯ ಎರಡು ಭಾಗದೊಳಗೆ ಇರಲೇಬೇಕು. ಅದಕ್ಕಿಂತ ದೂರವಾದರೆ ಆಮ್ಲಜನಕ ತಲುಪುವುದಿಲ್ಲ. ಲೋಮನಾಳಗಳೆಂಬ ಆ ನಾಳಗಳಾದರೋ ಎಷ್ಟು ಸಪೂರವೆಂದರೆ ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ನುಸುಳಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ದಪ್ಪ ಅಂಗಾಂಶವನ್ನು ರೋಗಿಯ ಶರೀರದಲ್ಲಿಟ್ಟರೆ, ಅಕ್ಕಪಕ್ಕದ ನಾಳಗಳು ಚಿಗುರಿ ಅದರೊಳಗೆ ಹೋಗಲು ದಿನಗಳು, ವಾರಗಳು ಬೇಕು. ಅಷ್ಟರೊಳಗೆ ಒಳಗಿನ ಜೀವಕೋಶಗಳು ಸತ್ತಿರುತ್ತವೆ.

ಆದುದರಿಂದ ನಾಳಗಳ ಜಾಲವನ್ನು ಮೊದಲೇ ಬೆಳೆಸಬೇಕು. ಇದಕ್ಕೆ ಹಲವು ದಾರಿಗಳನ್ನು ಹುಡುಕುತ್ತಿದ್ದಾರೆ. ಸಕ್ಕರೆಯ ಎಳೆಗಳಿಂದ ಬಲೆ ಮಾಡಿ, ಸುತ್ತ ಜೀವಕೋಶ ತುಂಬಿದ ಅಂಟುದ್ರವ ಹೊಯ್ದು, ಸಕ್ಕರೆ ಕರಗಿಸಿದಾಗ ಉಳಿಯುವ ಟೊಳ್ಳು ಕೊಳವೆಗಳಲ್ಲಿ ರಕ್ತ ಹರಿಸುವ ವಿಧಾನ 2012ರಲ್ಲಿ ಪ್ರಕಟವಾಯಿತು. 2008ರಲ್ಲಿ ಇಲಿಯ ಹೃದಯದಿಂದ ಜೀವಕೋಶಗಳನ್ನೆಲ್ಲ ಮಾರ್ಜಕದಿಂದ ತೊಳೆದು, ನಾಳಗಳ ದಾರಿ ಉಳಿದಿರುವ ಬಿಳಿಯ ಗೂಡಿನಲ್ಲಿ ಹೊಸ ಜೀವಕೋಶ ತುಂಬಿ ಮತ್ತೆ ಮಿಡಿಸಿದರು. 2017ರಲ್ಲಿ ಅಮೆರಿಕದ ಸಂಶೋಧಕರು ಪಾಲಕ್ ಸೊಪ್ಪಿನ ಎಲೆಯನ್ನೇ ಹೀಗೆ ತೊಳೆದು, ಎಲೆಯ ನರಗಳನ್ನು ರಕ್ತನಾಳಗಳಂತೆ ಬಳಸಿ, ಅದರ ಮೇಲೆ ಮನುಷ್ಯರ ಹೃದಯದ ಜೀವಕೋಶಗಳು ಮಿಡಿಯುವುದನ್ನು ತೋರಿಸಿದರು. ಹಿತ್ತಿಲ ಸೊಪ್ಪಿನ ಎಲೆಯಲ್ಲಿಯೂ ನಮ್ಮ ಹೃದಯದಲ್ಲಿಯೂ ಸೃಷ್ಟಿಕರ್ತನು ಹರಿವಿಗಾಗಿ ಒಂದೇ ಬಗೆಯ ಕವಲುದಾರಿ ಬರೆದಿದ್ದಾನೆ ಎಂಬುದು ಎಂಥ ಸೋಜಿಗ!

ಒಂದೇ ನಾಳದ ಮಟ್ಟಿಗೆ ಫಲವೂ ಬಂದಿದೆ. ಮನುಷ್ಯರ ಜೀವಕೋಶಗಳಿಂದ ಬೆಳೆಸಿ, ಬಳಿಕ ಜೀವಕೋಶಗಳನ್ನು ತೆಗೆದು, ಯಾರ ಶರೀರವೂ ತಳ್ಳದಂತೆ ಮಾಡಿದ ರಕ್ತನಾಳವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಕೈಕಾಲಿನ ಅಪಧಮನಿಗೆ ತೀವ್ರ ಗಾಯವಾಗಿ, ರೋಗಿಯ ಸ್ವಂತ ನಾಳ ಬಳಸಲು ಆಗದಿರುವಾಗ ಅದನ್ನು ಹಾಕುತ್ತಾರೆ. ಅದನ್ನು ಜೋಡಿಸುವುದೂ ಸೂಜಿ ನೂಲಿನಿಂದಲೇ. ಇಡೀ ಮೂತ್ರಪಿಂಡವನ್ನು ಬೆಳೆಸಿ ಮನುಷ್ಯರಿಗೆ ಜೋಡಿಸುವ ಕಾಲ ಇನ್ನೂ ಬಂದಿಲ್ಲ. ಬಂದಿದೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಕತ್ತಲೆಯ ಪುಟ

ಇನ್ನು ಕಹಿಯಾದ ಮಾತು. 1935ರಲ್ಲಿ ಕಾರೆಲ್ ಮನುಷ್ಯನ ಕುರಿತು ಒಂದು ಪುಸ್ತಕ ಬರೆದರು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ಪ್ರಾರ್ಥನೆಯ ಬಗ್ಗೆ, ಆತ್ಮದ ಬಗ್ಗೆ ಒಳ್ಳೆಯ ವಿಚಾರಗಳಿದ್ದವು. ಆದರೆ ಅದೇ ಪುಸ್ತಕದಲ್ಲಿ, ಬಲಿಷ್ಠರ ಸಂತತಿಯನ್ನು ಬೆಳೆಸಬೇಕು, ಘೋರ ಅಪರಾಧಿಗಳನ್ನೂ ಅಪರಾಧವೆಸಗಿದ ಮನೋರೋಗಿಗಳನ್ನೂ ವಿಷಾನಿಲದಿಂದ ಕೊನೆಗಾಣಿಸಬಹುದು ಎಂದೂ ಬರೆದರು. ಮರುವರ್ಷದ ಜರ್ಮನ್ ಆವೃತ್ತಿಯಲ್ಲಿ ನಾಜಿ ಸರಕಾರದ ಕ್ರಮಗಳನ್ನು ಹೊಗಳಿದರು. ಐದು ದಿನದ ಶಿಶುವಿಗೆ ತಂದೆಯ ರಕ್ತ ಹರಿಸಿ ಬದುಕಿಸಿದ ಕೈಯೇ ಇದನ್ನೂ ಬರೆಯಿತು. ಅಷ್ಟರಲ್ಲಾಗಲೇ, 1930ರ ಡಿಸೆಂಬರ್ 31ರಂದು, ಜಗದ್ಗುರು ಹನ್ನೊಂದನೇ ಪಯಸ್ ಅವರು ವಿವಾಹದ ಕುರಿತಾದ ತಮ್ಮ ವಿಶ್ವಪತ್ರದಲ್ಲಿ ಇಂಥ ಸಂತತಿ ಸುಧಾರಣೆಯ ವಾದವನ್ನು ಖಂಡಿಸಿದ್ದರು. ಜಾಣ ವಿಜ್ಞಾನಿಗೆ ಕಾಣದ್ದು ಧರ್ಮಸಭೆಗೆ ಕಂಡಿತ್ತು: ದುರ್ಬಲನ ಜೀವಕ್ಕೂ ಬಲಿಷ್ಠನ ಜೀವಕ್ಕೂ ದೇವರ ಮುಂದೆ ಒಂದೇ ಬೆಲೆ.

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಬಳಿಕ, 1941ರಲ್ಲಿ ವಿಶಿ ಸರಕಾರದ ನೆರವಿನಿಂದ ಕಾರೆಲ್ ಪ್ಯಾರಿಸಿನಲ್ಲಿ ಮಾನವ ಸಮಸ್ಯೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಶತ್ರುವಿನ ಜತೆಗಾರನೆಂಬ ಆರೋಪ ಬಂತು, ಹುದ್ದೆ ಹೋಯಿತು. ಐದು ದಶಕಗಳ ಬಳಿಕ ಫ್ರಾನ್ಸಿನ ಹಲವು ಊರುಗಳು ಅವರ ಹೆಸರಿದ್ದ ಬೀದಿಗಳ ಹೆಸರು ಬದಲಿಸಿದವು. ಲಿಯೋನಿನ ವೈದ್ಯಕೀಯ ವಿಭಾಗವೂ 1996ರಲ್ಲಿ ಅವರ ಹೆಸರನ್ನು ಕೈಬಿಟ್ಟಿತು.

ಸಂಜೆಯ ಹೊತ್ತಿಗೆ ಮನೆಗೆ

ಲೂರ್ದಿನಲ್ಲಿ ಕಂಡದ್ದರಿಂದ ಕಾರೆಲ್ ಕೂಡಲೇ ವಿಶ್ವಾಸಕ್ಕೆ ಮರಳಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಮತ್ತೆಯೂ ಅಲ್ಲಿಗೆ ಹೋದರು, ಮತ್ತೆಯೂ ಸಂಶಯದಿಂದಲೇ ಬಂದರು. ಕಣ್ಣು ಕಂಡದ್ದನ್ನು ಮನಸ್ಸು ಒಪ್ಪಲು ನಾಲ್ಕು ದಶಕಗಳು ಹಿಡಿದವು. ಬ್ರಿಟನಿ ತೀರದ ಸಾಂ ಗಿಲ್ದಾ ಎಂಬ ಪುಟ್ಟ ದ್ವೀಪದಲ್ಲಿ ಗಂಡ ಹೆಂಡತಿಗೆ ಮನೆಯಿತ್ತು. 1930ರ ದಶಕದ ಕೊನೆಗೆ ಆ ಸೀಮೆಯ ಬೊಕೆನ್ ಮಠದ ಸನ್ಯಾಸಿ ದೋಂ ಅಲೆಕ್ಸಿ ಪ್ರೆಸ್ ಅವರ ಪರಿಚಯವಾಯಿತು. ನೊಬೆಲ್ ವಿಜ್ಞಾನಿಯ ವಾದಗಳಿಗೆ ಮಣಿಯದೆ, ಬೇಸರಿಸದೆ, ಆ ಸನ್ಯಾಸಿ ವರ್ಷಗಟ್ಟಲೆ ಸ್ನೇಹ ಉಳಿಸಿಕೊಂಡರು. 1942ರ ಹೊತ್ತಿಗೆ ಕಾರೆಲ್ ದೇವರಲ್ಲಿಯೂ ಧರ್ಮಸಭೆಯ ಬೋಧನೆಯಲ್ಲಿಯೂ ವಿಶ್ವಾಸವಿರಿಸಿದ್ದರು.

1944ರ ನವೆಂಬರ್ 5ರಂದು, ಅಪವಾದದ ನಡುವೆ, ಹೃದಯದ ಕಾಯಿಲೆಯಿಂದ, ಧರ್ಮಸಭೆಯ ಸಂಸ್ಕಾರಗಳನ್ನು ಸ್ವೀಕರಿಸಿ ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ತಮ್ಮ ದ್ವೀಪದ ಚಿಕ್ಕ ಪ್ರಾರ್ಥನಾಲಯದಲ್ಲಿ ಸಮಾಧಿಯಾದರು. ಲೂರ್ದಿನ ಅನುಭವವನ್ನು ಬರೆದ ಅವರ ಹಸ್ತಪ್ರತಿ ಮರಣದ ಬಳಿಕ ಅಚ್ಚಾಯಿತು. ಅದರಲ್ಲಿ ತಮ್ಮ ಹೆಸರನ್ನು ತಿರುಗುಮುರುಗಾಗಿಸಿ ಲೆರಾಕ್ ಎಂದು ಬರೆದುಕೊಂಡಿದ್ದಾರೆ. ದ್ರಾಕ್ಷಿತೋಟಕ್ಕೆ ಸಂಜೆಯ ಹೊತ್ತಿಗೆ ಬಂದ ಕೂಲಿಯಾಳಿಗೂ ಪೂರ್ಣ ಕೂಲಿ ಕೊಡುವ ಯಜಮಾನನಿಗೆ ಅವರ ಲೆಕ್ಕವನ್ನು ಬಿಟ್ಟುಬಿಡೋಣ.

ನಮ್ಮ ಮನೆಗಳಿಗೆ

ಈ ಬದುಕಿನಿಂದ ನಮ್ಮ ಕುಟುಂಬಗಳಿಗೆ ಮೂರು ಮಾತು. ಮೊದಲನೆಯದು, ವಿದ್ಯೆ ಕಲಿತು ದೇವಾಲಯದಿಂದ ದೂರವಾದ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಬೆಂಗಳೂರಿನಿಂದಲೋ ಗಲ್ಫಿನಿಂದಲೋ ಮನೆಗೆ ಬಂದವರು ಭಾನುವಾರದ ಬಲಿಪೂಜೆಗೆ ಏಳದಿದ್ದರೆ ಜಗಳ ಮಾಡಿ ಬಾಗಿಲು ಮುಚ್ಚಬೇಡಿ. ಕಾರೆಲರ ತಾಯಿಯ ಭಕ್ತಿ, ಹೆಂಡತಿಯ ವಿಶ್ವಾಸ, ಒಬ್ಬ ಸನ್ಯಾಸಿಯ ತಾಳ್ಮೆಯ ಸ್ನೇಹ ಇವೆಲ್ಲ ಮೌನವಾಗಿ ಕೆಲಸ ಮಾಡಿದವು.

ಎರಡನೆಯದು, ಅಂಗವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ದಿನ ಬರುವ ತನಕ ರೋಗಿಗಳು ಕಾಯುವುದು ಮನುಷ್ಯರ ಔದಾರ್ಯಕ್ಕಾಗಿ. ನಮ್ಮ ದೇಶದಲ್ಲಿ 1994ರಿಂದ ಅಂಗಾಂಗ ಕಸಿಗೆ ಕಾನೂನಿದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರಕಾರಿ ವ್ಯವಸ್ಥೆ ಅಂಗದಾನದ ಹೊಣೆ ಹೊತ್ತಿದೆ. ಮರಣಾನಂತರ ಅಂಗದಾನ ಮಾಡಿದರೆ ಪುನರುತ್ಥಾನಕ್ಕೆ ಅಡ್ಡಿಯಾದೀತೆಂಬ ಭಯ ಕೆಲವು ಹಿರಿಯರಲ್ಲಿದೆ. ಅಂಥ ಭಯ ಬೇಡ. ಒತ್ತಾಯವಿಲ್ಲದೆ, ಮಾರಾಟವಿಲ್ಲದೆ ಮಾಡುವ ಅಂಗದಾನ ಶ್ರೇಷ್ಠ ಕಾರ್ಯವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಜಗದ್ಗುರು ಎರಡನೇ ಜಾನ್ ಪಾಲ್ ಅವರು 1995ರ ಜೀವದ ಶುಭಸಂದೇಶ ಎಂಬ ವಿಶ್ವಪತ್ರದಲ್ಲಿ ಅದನ್ನು ಹೊಗಳಿದ್ದಾರೆ. ಹೊಸ ಅಂಗಾಂಶ ಬೆಳೆಸುವುದನ್ನೂ ಧರ್ಮಸಭೆ ವಿರೋಧಿಸುವುದಿಲ್ಲ. ಅದಕ್ಕಾಗಿ ಮಾನವ ಭ್ರೂಣವನ್ನು ನಾಶಮಾಡುವುದನ್ನು ಮಾತ್ರ ಒಪ್ಪುವುದಿಲ್ಲ. ವಯಸ್ಕರ ಶರೀರದಿಂದ ಪಡೆದ ಜೀವಕೋಶಗಳ ದಾರಿ ತೆರೆದೇ ಇದೆ. ಮನೆಯವರೆಲ್ಲ ಕುಳಿತು ಈ ವಿಷಯ ಮಾತಾಡಿ ನಿರ್ಧರಿಸಿ. ದುಃಖದ ಗಳಿಗೆಯಲ್ಲಿ ಅವಸರದಿಂದ ನಿರ್ಧರಿಸುವುದಕ್ಕಿಂತ ಅದು ಒಳಿತು.

ಮೂರನೆಯದು, ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಅದೇ ದಿನ ವಿಶ್ವ ರೋಗಿಗಳ ದಿನವೂ ಹೌದು. ಪುತ್ತೂರು, ಸುಳ್ಯ, ಕಡಬ ಯಾವ ಧರ್ಮಕೇಂದ್ರದವರೇ ಆಗಿರಲಿ, ನಿಮ್ಮ ವಾಳೆಯಲ್ಲಿ ಡಯಾಲಿಸಿಸಿಗೆ ಹೋಗುವವರು ಒಬ್ಬರಾದರೂ ಇದ್ದಾರು. ಅವರಿಗೆ ಒಂದು ದಿನದ ವಾಹನದ ವ್ಯವಸ್ಥೆ ಮಾಡಿ, ಜತೆಗೆ ಹೋಗಿ ನಾಲ್ಕು ತಾಸು ಪಕ್ಕದಲ್ಲಿ ಕುಳಿತುಕೊಳ್ಳಿ. ಜಪಮಾಲೆ ಪ್ರಾರ್ಥಿಸುವಾಗ ಆ ರೋಗಿಯನ್ನೂ, ಅವರ ಕೈಯ ನಾಳವನ್ನು ಹೊಲಿದ ವೈದ್ಯರನ್ನೂ, ಹೊಸ ನಾಳಗಳನ್ನು ಬೆಳೆಸಲು ಶ್ರಮಿಸುವ ವಿಜ್ಞಾನಿಗಳನ್ನೂ ನೆನೆಯಿರಿ. ಅಲೆಕ್ಸಿಸ್ ಕಾರೆಲರ ಆತ್ಮಕ್ಕಾಗಿ ಒಂದು ನಮೋ ಮರಿಯ ಸೇರಿಸಿ.